ಗಾಳಿಗೆ ಬೀಗ ಹಾಕುವ ಅಧಿಕಾರ ಯಾರದು?

2004ರ ಮಾರ್ಚ್ 2ರಂದು ವಾಷಿಂಗ್ಟನ್ನಿನಿಂದ ಬೀಜಿಂಗಿಗೆ ಒಂದು ಪತ್ರ ಹೋಯಿತು. ಸಹಿ ಹಾಕಿದವರು ಮೂವರು: ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್, ವಾಣಿಜ್ಯ ಕಾರ್ಯದರ್ಶಿ ಡೊನಾಲ್ಡ್ ಇವಾನ್ಸ್ ಮತ್ತು ವ್ಯಾಪಾರ ಪ್ರತಿನಿಧಿ ರಾಬರ್ಟ್ ಜೆಲಿಕ್. ಪತ್ರ ಚೀನಾದ ಇಬ್ಬರು ಉಪಪ್ರಧಾನಿಗಳಾದ ವು ಯಿ ಮತ್ತು ಜೆಂಗ್ ಪೇಯಾನ್ ಅವರಿಗೆ ತಲುಪಬೇಕಿತ್ತು. ಇರಾಕ್ ಯುದ್ಧ ಶುರುವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ, ತೈವಾನಿನಲ್ಲಿ ಅಧ್ಯಕ್ಷೀಯ ಚುನಾವಣೆ ಮೂರೇ ವಾರ ದೂರವಿತ್ತು. ಅಂಥ ಹೊತ್ತಿನಲ್ಲಿ ಅಮೆರಿಕ ಸರ್ಕಾರದ ಮೂವರು ದೊಡ್ಡವರು ಒಟ್ಟಿಗೆ ಕೂತು ಬರೆದದ್ದು ಲ್ಯಾಪ್‌ಟಾಪಿನ ಒಳಗಿರುವ ಬೆರಳಗಲದ ವೈಫೈ ಚಿಪ್ಪಿನ ಬಗ್ಗೆ. ಆ ಚಿಪ್ಪು ಗಾಳಿಯಲ್ಲಿ ಕಳಿಸುವ ಮಾಹಿತಿಯನ್ನು ಯಾವ ಗೂಢಲಿಪಿಯಲ್ಲಿ ಮುಚ್ಚಿಡಬೇಕು ಎಂಬುದೇ ಜಗಳದ ವಿಷಯವಾಗಿತ್ತು.

ಚೀನಾ ಆಗಲೇ ನಿಯಮ ಮಾಡಿಬಿಟ್ಟಿತ್ತು. 2004ರ ಜೂನ್ 1ರ ನಂತರ ಆ ದೇಶದಲ್ಲಿ ಮಾರುವ ಪ್ರತಿಯೊಂದು ವೈಫೈ ಉಪಕರಣದಲ್ಲೂ ಚೀನಾದ್ದೇ ಆದ ‘ವಾಪಿ’ ಎಂಬ ಭದ್ರತಾ ಮಾನದಂಡ ಇರಲೇಬೇಕು. ಇಲ್ಲವಾದರೆ ಮಾರಾಟವಿಲ್ಲ.

ಇದನ್ನು ಚೀನಾದ ಹಠ ಎಂದಷ್ಟೇ ಓದಿದರೆ ಕಥೆಯ ಅರ್ಧ ಭಾಗ ಕೈತಪ್ಪುತ್ತದೆ. ಜಗಳಕ್ಕೆ ದಾರಿ ಮಾಡಿಕೊಟ್ಟದ್ದು ಪಶ್ಚಿಮದವರೇ ಮಾಡಿದ ಒಂದು ದೊಡ್ಡ ಎಡವಟ್ಟು.

ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ (ಬಾಯಿಮಾತಿನಲ್ಲಿ ಐ-ಟ್ರಿಪಲ್-ಇ) 1997ರಲ್ಲಿ 802.11 ಎಂಬ ಮಾನದಂಡವನ್ನು ಹೊರತಂದಿತು. ಇಂದು ನಾವು ವೈಫೈ ಎನ್ನುವುದರ ಬುನಾದಿ ಅದು. ತಂತಿಯಲ್ಲಿ ಹರಿಯುವ ಮಾಹಿತಿಯನ್ನು ಕದಿಯಬೇಕಾದರೆ ತಂತಿಯವರೆಗೆ ಹೋಗಬೇಕು. ರೇಡಿಯೊ ತರಂಗ ಹಾಗಲ್ಲ, ಗೋಡೆ ದಾಟಿ ರಸ್ತೆಗೂ ಬರುತ್ತದೆ. ಅದಕ್ಕಾಗಿ ‘ವೆಪ್’ ಎಂಬ ರಕ್ಷಣೆಯನ್ನು ಮಾನದಂಡದಲ್ಲೇ ಸೇರಿಸಿದ್ದರು. ತಂತಿಯಲ್ಲಿ ಇರುವಷ್ಟು ಖಾಸಗಿತನವನ್ನು ಗಾಳಿಯಲ್ಲೂ ಕೊಡುತ್ತೇವೆ ಎಂಬ ಮಾತು ಅದರ ಹೆಸರಿನಲ್ಲೇ ಇತ್ತು.

ಆ ಮಾತು ಉಳಿಯಲಿಲ್ಲ. ವೆಪ್‌ನ ಮೂಲ ಕೀಲಿ 40 ಬಿಟ್‌ನದು. ಬಲವಾದ ಗೂಢಲಿಪಿಯನ್ನು ಹೊರದೇಶಕ್ಕೆ ಮಾರಲು ಅಮೆರಿಕ ಸರ್ಕಾರ ಬಿಡದಿದ್ದ ಕಾಲವದು, ಆ ಕಾನೂನಿನ ನೆರಳು ಕೀಲಿಯ ಅಳತೆಯ ಮೇಲೂ ಬಿದ್ದಿತ್ತು. ಕೀಲಿಯ ಜೊತೆಗೆ ಪ್ರತಿ ಪ್ಯಾಕೆಟ್ಟಿಗೂ, ಅಂದರೆ ಮಾಹಿತಿಯ ಪ್ರತಿ ತುಣುಕಿಗೂ, ಬದಲಾಗಬೇಕಾದ 24 ಬಿಟ್‌ನ ಇನ್ನೊಂದು ಸಂಖ್ಯೆ ಸೇರುತ್ತಿತ್ತು. 24 ಬಿಟ್ ಎಂದರೆ ಸುಮಾರು 1 ಕೋಟಿ 67 ಲಕ್ಷ ಸಂಖ್ಯೆಗಳು. ಕೇಳಲು ದೊಡ್ಡದು. ಆದರೆ ಬಿಡುವಿಲ್ಲದೆ ಕೆಲಸ ಮಾಡುವ ಒಂದು ವೈಫೈ ಕೇಂದ್ರ ಅಷ್ಟನ್ನೂ ಸುಮಾರು ಐದು ಗಂಟೆಯಲ್ಲಿ ಮುಗಿಸಿ ಹಳೆಯವನ್ನೇ ಮತ್ತೆ ಬಳಸಲು ಶುರುಮಾಡುತ್ತದೆ ಎಂದು ಸಂಶೋಧಕರಾದ ನಿಕಿತಾ ಬೋರಿಸೊವ್, ಇಯಾನ್ ಗೋಲ್ಡ್‌ಬರ್ಗ್ ಮತ್ತು ಡೇವಿಡ್ ವ್ಯಾಗ್ನರ್ 2001ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದೇ ವರ್ಷ ಸ್ಕಾಟ್ ಫ್ಲೂರರ್, ಇತ್ಸಿಕ್ ಮಾಂಟಿನ್ ಮತ್ತು ಆದಿ ಶಮೀರ್ ಇನ್ನೂ ಆಳಕ್ಕೆ ಹೋದರು. ವೆಪ್ ಒಳಗಿನ ಆರ್‌ಸಿ4 ಎಂಬ ಗೂಢಲಿಪಿ ಕೀಲಿಯನ್ನು ಬೆರೆಸುವ ಬಗೆಯಲ್ಲೇ ದೋಷವಿದೆ, ಸಾಕಷ್ಟು ಪ್ಯಾಕೆಟ್ಟುಗಳನ್ನು ಸುಮ್ಮನೆ ಕೇಳಿಸಿಕೊಂಡರೆ ಕೀಲಿಯೇ ಹೊರಬರುತ್ತದೆ ಎಂಬುದು ಅವರ ಪ್ರಬಂಧದ ಸಾರ. ಸ್ವಲ್ಪ ದಿನಕ್ಕೆ ‘ಏರ್‌ಸ್ನಾರ್ಟ್’ ಎಂಬ ಉಚಿತ ತಂತ್ರಾಂಶ ಬಂತು. ಗಣಿತ ಗೊತ್ತಿಲ್ಲದವನೂ ಆಮೇಲೆ ವೆಪ್ ಒಡೆಯಬಹುದಾಗಿತ್ತು.

ಇದು ಪ್ರಯೋಗಾಲಯದ ಮಾತಾಗಿ ಉಳಿಯಲಿಲ್ಲ. ಅಮೆರಿಕದ ಟಿಜೆಎಕ್ಸ್ ಎಂಬ ಬಟ್ಟೆ ಮಳಿಗೆಗಳ ಕಂಪನಿಯ ಜಾಲಕ್ಕೆ ಕಳ್ಳರು ನುಗ್ಗಿದ್ದು ಫ್ಲಾರಿಡಾದ ಮಯಾಮಿಯ ಅಂಗಡಿಗಳ ವೆಪ್ ವೈಫೈ ಮೂಲಕ. ಕನಿಷ್ಠ 4 ಕೋಟಿ 57 ಲಕ್ಷ ಕಾರ್ಡುಗಳ ವಿವರ ಕಳುವಾಗಿದೆ ಎಂದು ಕಂಪನಿ 2007ರಲ್ಲಿ ಒಪ್ಪಿಕೊಂಡಿತು. ವೆಪ್ ಮುರಿದದ್ದು ಜಗತ್ತಿಗೆ ತಿಳಿದು ಆರು ವರ್ಷ ಕಳೆದಿತ್ತು.

ಹೀಗೆ 2001ರಿಂದ 2004ರವರೆಗೆ ವೈಫೈ ಲೋಕಕ್ಕೆ ಗಟ್ಟಿ ರಕ್ಷಣೆಯೇ ಇರಲಿಲ್ಲ. ಐಇಇಇ ತನ್ನ ಹೊಸ ಮಾನದಂಡ 802.11ಐ ಸಿದ್ಧಪಡಿಸುತ್ತಿತ್ತು, ಆದರೆ ನಿಧಾನ. ಅದು ಬರುವವರೆಗೆ ಇರಲಿ ಎಂದು ವೈಫೈ ಅಲೈಯನ್ಸ್ ಎಂಬ ಕಂಪನಿಗಳ ಕೂಟ 2003ರಲ್ಲಿ ‘ಡಬ್ಲ್ಯುಪಿಎ’ ಎಂಬ ತೇಪೆ ಹಚ್ಚಿತು. ಈ ತೆರವಿನ ಕಾಲದಲ್ಲೇ ಚೀನಾ ಒಳಬಂದದ್ದು. ತಮ್ಮ ದೇಶದ ಜಾಲಗಳಿಗೆ ಬರುವ ಬೀಗ ಮುರುಕಲು ಎಂದು ಅದನ್ನು ಮಾಡಿದವರ ನಾಡಿನಲ್ಲೇ ಸಾಬೀತಾಗಿರುವಾಗ, ನಮ್ಮ ಬೀಗ ನಾವೇ ಮಾಡಿಕೊಳ್ಳುತ್ತೇವೆ ಎನ್ನುವುದರಲ್ಲಿ ತಪ್ಪು ಹುಡುಕುವುದು ಕಷ್ಟ.

ವಾಪಿಯ ತವರು ಶಿಯಾನ್ ನಗರ. ಅಲ್ಲಿನ ಶಿದಿಯಾನ್ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಹುಟ್ಟಿ, ಅದೇ ಊರಿನ ಐಡಬ್ಲ್ಯುಎನ್‌ಕಾಮ್ ಎಂಬ ಕಂಪನಿಯ ಕೈಯಲ್ಲಿ ಬೆಳೆದ ತಂತ್ರ ಇದು. 2003ರ ಮೇ ತಿಂಗಳಲ್ಲಿ ರಾಷ್ಟ್ರೀಯ ಮಾನದಂಡವಾಗಿ ಪ್ರಕಟವಾಯಿತು. ಡಿಸೆಂಬರ್ 1ರಿಂದ ಜಾರಿ ಎಂದು ಘೋಷಣೆಯಾಗಿ, ಹಳೆಯ ಸರಕಿಗೆ ಆರು ತಿಂಗಳ ವಿನಾಯಿತಿ ಸಿಕ್ಕಿತು. ತಾಂತ್ರಿಕವಾಗಿ ಇದರಲ್ಲಿ ಒಂದು ಒಳ್ಳೆಯ ವಿಚಾರವಿತ್ತು. ವೆಪ್‌ನಲ್ಲಿ ಲ್ಯಾಪ್‌ಟಾಪು ತಾನು ಯಾರೆಂದು ವೈಫೈ ಕೇಂದ್ರಕ್ಕೆ ತೋರಿಸಬೇಕಿತ್ತು, ಕೇಂದ್ರ ಯಾರೆಂದು ಲ್ಯಾಪ್‌ಟಾಪಿಗೆ ತಿಳಿಯುವ ದಾರಿ ಇರಲಿಲ್ಲ. ಕಳ್ಳ ಕೇಂದ್ರ ಇಟ್ಟು ಜನರನ್ನು ಸೆಳೆಯಲು ಅದು ಅನುಕೂಲ. ವಾಪಿಯಲ್ಲಿ ಉಪಕರಣ, ಕೇಂದ್ರ ಮತ್ತು ಇಬ್ಬರೂ ನಂಬುವ ಒಂದು ಸರ್ವರ್, ಹೀಗೆ ಮೂವರು ಇರುತ್ತಾರೆ. ಇಬ್ಬರೂ ತಮ್ಮ ಪ್ರಮಾಣಪತ್ರವನ್ನು ಸರ್ವರಿನ ಮುಂದಿಟ್ಟು ಪರಸ್ಪರ ಗುರುತು ಖಚಿತಪಡಿಸಿಕೊಳ್ಳುತ್ತಾರೆ. ಇದೇ ಮೂರು ಕಡೆಯ ಪದ್ಧತಿ 2010ರಲ್ಲಿ ಬೇರೊಂದು ಅಂತರರಾಷ್ಟ್ರೀಯ ಮಾನದಂಡದೊಳಗೆ ಸೇರಿತು. ಬರಿಯ ಜಂಬದ ವಸ್ತುವಾಗಿದ್ದರೆ ಅಷ್ಟು ದೂರ ಬರುತ್ತಿರಲಿಲ್ಲ.

ಎಡವಿದ್ದು ಮಾಹಿತಿಯನ್ನು ಮುಚ್ಚುವ ಗೂಢಲಿಪಿಯಲ್ಲಿ. ಎಸ್‌ಎಂಎಸ್4 ಎಂಬ ಆ ಸೂತ್ರವನ್ನು ಚೀನಾ ಗುಟ್ಟಾಗಿ ಇಟ್ಟಿತು. 1999ರಲ್ಲಿ ಆ ದೇಶ ಮಾಡಿದ ನಿಯಮದ ಪ್ರಕಾರ ವಾಣಿಜ್ಯ ಬಳಕೆಯ ಗೂಢಲಿಪಿ ತಂತ್ರಜ್ಞಾನವೂ ರಾಜ್ಯ ರಹಸ್ಯ. ಹಾಗಾಗಿ ವಿದೇಶಿ ಕಂಪನಿಗೆ ಸೂತ್ರವನ್ನು ನೇರವಾಗಿ ಕೊಡುವಂತಿರಲಿಲ್ಲ. ಸರ್ಕಾರ ಗೊತ್ತುಮಾಡಿದ ಕೆಲವೇ ಚೀನೀ ಕಂಪನಿಗಳು, ಮೊದಲಿಗೆ ಹನ್ನೊಂದು, ಅದನ್ನು ಬಳಸಬಹುದಿತ್ತು. ಇಂಟೆಲ್ ಚೀನಾದಲ್ಲಿ ಚಿಪ್ ಮಾರಬೇಕಾದರೆ ಈ ಕಂಪನಿಗಳಲ್ಲಿ ಒಂದರ ಜೊತೆ ಕೈಜೋಡಿಸಿ, ತನ್ನ ವಿನ್ಯಾಸದ ಒಳಗುಟ್ಟನ್ನು ನಾಳೆ ಎದುರಾಳಿಯಾಗಬಹುದಾದವನ ಮುಂದೆ ಬಿಚ್ಚಿಡಬೇಕು. ಆದರೆ ಆ ಎದುರಾಳಿ ತನ್ನ ಸೂತ್ರವನ್ನು ಬಿಚ್ಚುವುದಿಲ್ಲ.

ಗೂಢಲಿಪಿಯ ವಿದ್ಯೆಯಲ್ಲಿ ಇದಕ್ಕೆ ಒಂದು ಹಳೆಯ ಉತ್ತರವಿದೆ. ಫ್ರಾನ್ಸಿನಲ್ಲಿ ಭಾಷೆ ಕಲಿಸುತ್ತಿದ್ದ ಡಚ್ ಮೂಲದ ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲಿ ಸೇನಾ ಪತ್ರಿಕೆಯೊಂದರಲ್ಲಿ ಬರೆದ ನಿಯಮ ಅದು: ಗೂಢಲಿಪಿಯ ವ್ಯವಸ್ಥೆ ಶತ್ರುವಿನ ಕೈಗೆ ಸಿಕ್ಕರೂ ತೊಂದರೆಯಾಗಬಾರದು, ಗುಟ್ಟಾಗಿರಬೇಕಾದದ್ದು ಕೀಲಿ ಮಾತ್ರ. ಅಮೆರಿಕವೇ ಈ ನಿಯಮವನ್ನು ಹಿಡಿದು 1997ರಲ್ಲಿ ತನ್ನ ಹೊಸ ಗೂಢಲಿಪಿಗಾಗಿ ಬಹಿರಂಗ ಸ್ಪರ್ಧೆ ಕರೆದಿತ್ತು. ಹದಿನೈದು ತಂಡಗಳ ಪ್ರವೇಶ ಅಂಗೀಕಾರವಾಯಿತು. ಪ್ರತಿಯೊಬ್ಬರೂ ಉಳಿದವರ ಸೂತ್ರ ಒಡೆಯಲು ನೋಡಿದರು, ಎಲ್ಲವೂ ಎಲ್ಲರ ಕಣ್ಣೆದುರಿಗೆ. ಗೆದ್ದದ್ದು ಬೆಲ್ಜಿಯಮ್ಮಿನ ಯೋವಾನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ ಸೂತ್ರ. 2001ರಲ್ಲಿ ಅದು ‘ಎಇಎಸ್’ ಎಂಬ ಹೆಸರಿನಲ್ಲಿ ಅಮೆರಿಕದ ಅಧಿಕೃತ ಗೂಢಲಿಪಿಯಾಯಿತು, 802.11ಐ ತನ್ನ ರಕ್ಷಣೆಗೆ ಆರಿಸಿಕೊಂಡದ್ದೂ ಅದನ್ನೇ. ತನ್ನ ಸರ್ಕಾರದ ಕಡತಗಳಿಗೆ ಹೊರದೇಶದವರು ಮಾಡಿದ ಬೀಗವನ್ನು ಹಾಕಿಕೊಂಡ ಆ ನಿರ್ಧಾರ ಈ ಇಡೀ ಇತಿಹಾಸದಲ್ಲಿ ನಾನು ತುಂಬ ಮೆಚ್ಚುವ ಘಟನೆ.

ಚೀನಾದ ಹಠದ ಹಿಂದೆ ಇನ್ನೊಂದು ನೋವಿತ್ತು. ಆ ಹೊತ್ತಿಗೆ ಜಗತ್ತಿನ ಡಿವಿಡಿ ಪ್ಲೇಯರುಗಳಲ್ಲಿ ಬಹುಪಾಲು ಚೀನಾದ ಕಾರ್ಖಾನೆಗಳಲ್ಲೇ ತಯಾರಾಗುತ್ತಿದ್ದವು. ಆದರೆ ಪೇಟೆಂಟು ಜಪಾನ್, ಯುರೋಪು, ಅಮೆರಿಕದ ಕಂಪನಿಗಳದ್ದು. ಪ್ರತಿ ಪೆಟ್ಟಿಗೆಗೂ ಅವರಿಗೆ ಹಣ ಕಟ್ಟಿ ಉಳಿಯುವ ಲಾಭ ತೀರಾ ತೆಳುವಾಗಿತ್ತು. ಮೂರನೆಯ ದರ್ಜೆಯ ಕಂಪನಿ ವಸ್ತು ಮಾಡುತ್ತದೆ, ಎರಡನೆಯದು ತಂತ್ರಜ್ಞಾನ ಮಾಡುತ್ತದೆ, ಮೊದಲನೆಯದು ಮಾನದಂಡ ಮಾಡುತ್ತದೆ ಎಂಬ ಮಾತು ಆ ದಿನಗಳಲ್ಲಿ ಚೀನೀ ಉದ್ಯಮಿಗಳ, ಅಧಿಕಾರಿಗಳ ಬಾಯಲ್ಲಿ ಓಡಾಡುತ್ತಿತ್ತು. ದುಡಿದು ಬೇರೆಯವರಿಗೆ ಕಪ್ಪ ಕಟ್ಟುವುದು ಸಾಕು ಎನ್ನಿಸಿದವರ ಮಾತು ಅದು.

ಮಾರ್ಚ್ ತಿಂಗಳ ಪತ್ರದ ಬೆನ್ನಿಗೇ ಇಂಟೆಲ್ ತನ್ನ ನಿಲುವು ಹೇಳಿತು: ಗಡುವಿನೊಳಗೆ ವಾಪಿ ಅಳವಡಿಸಲಾಗದು, ಚೀನಾದಲ್ಲಿ ವೈಫೈ ಚಿಪ್ಪುಗಳ ಮಾರಾಟ ನಿಲ್ಲಿಸುತ್ತೇವೆ. ಬ್ರಾಡ್‌ಕಾಮ್ ಕೂಡ ಅದೇ ದಾರಿ ಹಿಡಿಯಿತು. ವೈಫೈ ಒಳಗೊಂಡ ಸೆಂಟ್ರಿನೊ ಲ್ಯಾಪ್‌ಟಾಪುಗಳನ್ನು ಇಂಟೆಲ್ ಹಿಂದಿನ ವರ್ಷವಷ್ಟೇ ಭಾರೀ ಪ್ರಚಾರದೊಂದಿಗೆ ಬಿಡುಗಡೆ ಮಾಡಿತ್ತು. ಅವನ್ನು ಜೋಡಿಸುವ ಕಾರ್ಖಾನೆಗಳಲ್ಲಿ ಚೀನಾದ ಪಾಲು ದೊಡ್ಡದು. ಹೀಗಾಗಿ ಬೆದರಿಕೆ ಎರಡೂ ಕಡೆ ಕುಯ್ಯುತ್ತಿತ್ತು. ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿ ಮೂರು ವರ್ಷವೂ ಆಗಿರಲಿಲ್ಲ. ಅಲ್ಲಿನ ಒಪ್ಪಂದದ ಪ್ರಕಾರ ದೇಶವೊಂದು ತಾಂತ್ರಿಕ ನಿಯಮ ಮಾಡುವಾಗ ಇರುವ ಅಂತರರಾಷ್ಟ್ರೀಯ ಮಾನದಂಡವನ್ನು ಆಧಾರವಾಗಿ ಇಟ್ಟುಕೊಳ್ಳಬೇಕು. ರಾಷ್ಟ್ರೀಯ ಭದ್ರತೆ ಎಂಬ ಕಾರಣಕ್ಕೆ ವಿನಾಯಿತಿಯೂ ಇದೆ. ಅಮೆರಿಕ ಮೊದಲ ಮಾತನ್ನು ಹಿಡಿಯಿತು, ಚೀನಾ ಎರಡನೆಯದನ್ನು.

ಏಪ್ರಿಲ್ 21ರಂದು ವಾಷಿಂಗ್ಟನ್ನಿನಲ್ಲಿ ಎರಡೂ ದೇಶಗಳ ಜಂಟಿ ವಾಣಿಜ್ಯ ಆಯೋಗ ಸೇರಿತು. ಚೀನಾದ ಪರವಾಗಿ ಬಂದಿದ್ದ ವು ಯಿ ವಾಪಿಯ ಕಡ್ಡಾಯವನ್ನು ಅನಿರ್ದಿಷ್ಟ ಕಾಲಕ್ಕೆ ಮುಂದೂಡಲು ಒಪ್ಪಿದರು. ಮಾನದಂಡವನ್ನು ಪರಿಷ್ಕರಿಸುವುದಾಗಿಯೂ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಗಳಲ್ಲಿ ಭಾಗವಹಿಸುವುದಾಗಿಯೂ ಚೀನಾ ಒಪ್ಪಿಕೊಂಡಿತು. ಅಮೆರಿಕದ ಪತ್ರಿಕೆಗಳಿಗೆ ಜಗಳ ಮುಗಿದಂತೆ ಕಂಡಿತು. ಆದರೆ ಚೀನಾ ಆ ಕೊನೆಯ ಮಾತನ್ನು ಅಕ್ಷರಶಃ ಪಾಲಿಸಿತು. ಕೆಲವೇ ತಿಂಗಳಲ್ಲಿ ವಾಪಿಯನ್ನು ಎತ್ತಿಕೊಂಡು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ, ಅಂದರೆ ಐಎಸ್‌ಒದ, ಬಾಗಿಲಿಗೇ ಹೋಯಿತು.

ಐಎಸ್‌ಒದಲ್ಲಿ ಒಂದು ದೇಶಕ್ಕೆ ಒಂದು ಮತ. ಐಇಇಇ ದೇಶವಲ್ಲ, ಎಂಜಿನಿಯರುಗಳ ಸಂಸ್ಥೆ. ಅದರ ಸಭೆಗೆ ಯಾರು ಬೇಕಾದರೂ ಹೋಗಬಹುದು ಎಂಬುದು ನಿಜ. ಆದರೆ ವರ್ಷಕ್ಕೆ ಹಲವು ಬಾರಿ ದೂರದೂರಿಗೆ ಹಾರಿ, ಸತತವಾಗಿ ಹಾಜರಾಗಿ, ಇಂಗ್ಲಿಷಿನಲ್ಲಿ ವಾದಿಸಿ ಮತದ ಹಕ್ಕು ಗಳಿಸುವುದು ದೊಡ್ಡ ಕಂಪನಿಗಳ ನೌಕರರಿಗೆ ಸಾಧ್ಯವಾಗುವಷ್ಟು ಉಳಿದವರಿಗೆ ಆಗುವುದಿಲ್ಲ. 2004ರ ಜೂನಿನಲ್ಲಿ ಐಇಇಇ ಒಳಗೆ ಅಂಗೀಕಾರವಾದ 802.11ಐ ಬ್ರಿಟನ್ನಿನ ಮಾನದಂಡ ಸಂಸ್ಥೆಯ ಕೈಹಿಡಿದು ಐಎಸ್‌ಒದ ಸಮಿತಿಯೊಂದರ ಮುಂದೆ ಬಂತು. ಚೀನಾದ ವಾಪಿಯೂ ಅದೇ ಸಮಿತಿಯ ಮುಂದೆ ಬಂತು.

ಆ ವರ್ಷದ ನವೆಂಬರಿನಲ್ಲಿ ಸಮಿತಿ ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ ಸೇರಿದಾಗ ವಾಪಿಯನ್ನು ವಿವರಿಸಬೇಕಾಗಿದ್ದ ಚೀನೀ ತಜ್ಞರಲ್ಲಿ ಕೆಲವರಿಗೆ ಅಮೆರಿಕದ ವೀಸಾ ಸಿಗಲಿಲ್ಲ. ಇದರ ಹಿಂದೆ ಸಂಚಿತ್ತೋ ಕಚೇರಿಯ ಸಾಮಾನ್ಯ ವಿಳಂಬವೋ, ಚೀನಾಕ್ಕೆ ಅದು ಬೇಕೆಂದೇ ಮಾಡಿದ ಅವಮಾನವಾಗಿ ಕಂಡಿತು. 2005ರ ಫೆಬ್ರವರಿಯಲ್ಲಿ ಫ್ರಾಂಕ್‌ಫರ್ಟಿನ ಸಭೆಯಿಂದ ಚೀನೀ ನಿಯೋಗ ಪ್ರತಿಭಟಿಸಿ ಎದ್ದು ಹೊರಬಂತು. ಆಗಸ್ಟಿನಲ್ಲಿ ಬೀಜಿಂಗಿನಲ್ಲೇ ರಾಜಿಯ ಪ್ರಯತ್ನ ನಡೆದು ಅದೂ ಮುರಿಯಿತು. ಕೊನೆಗೆ ಎರಡೂ ಪ್ರಸ್ತಾವಗಳನ್ನು ಒಟ್ಟಿಗೆ ಮತಕ್ಕೆ ಹಾಕಿದರು. ಅಕ್ಟೋಬರಿನಲ್ಲಿ ಶುರುವಾದ ಮತದಾನ ಐದು ತಿಂಗಳು ನಡೆದು 2006ರ ಮಾರ್ಚಿನಲ್ಲಿ ಮುಗಿಯಿತು. 802.11ಐ ಭಾರೀ ಬಹುಮತದಿಂದ ಗೆದ್ದಿತು, ವಾಪಿ ಸೋತಿತು.

ಐಇಇಇ ಮತದಾರ ದೇಶಗಳಿಗೆ ವಾಪಿಯ ಬಗ್ಗೆ ಸುಳ್ಳು ಮಾಹಿತಿ ಹಂಚಿದೆ, ನಿಯಮ ಮುರಿದಿದೆ ಎಂದು ಚೀನಾ ಐಎಸ್‌ಒಗೆ ಮೇಲ್ಮನವಿ ಸಲ್ಲಿಸಿತು. ಐಇಇಇ ಅದನ್ನು ಅಲ್ಲಗಳೆಯಿತು. ಜೂನಿನಲ್ಲಿ ಪ್ರಾಗ್ ಬಳಿ ನಡೆದ ಸಭೆಯಲ್ಲಿ ಚೀನೀ ನಿಯೋಗ ಮತ್ತೆ ಎದ್ದು ನಡೆಯಿತು. ಆ ವರ್ಷವೇ 802.11ಐ ಅಧಿಕೃತವಾಗಿ ಐಎಸ್‌ಒ ಮಾನದಂಡದ ಭಾಗವಾಯಿತು. ನಮ್ಮ ಮನೆಯ ರೂಟರಿನ ಸೆಟ್ಟಿಂಗ್ ಪುಟದಲ್ಲಿ ಕಾಣುವ ‘ಡಬ್ಲ್ಯುಪಿಎ2’ ಎಂಬುದು ಅದರದೇ ಮಾರುಕಟ್ಟೆಯ ಹೆಸರು.

ಇಲ್ಲಿ ಒಂದು ದಿನಾಂಕವನ್ನು ಗಮನಿಸಬೇಕು. ಎಸ್‌ಎಂಎಸ್4 ಸೂತ್ರವನ್ನು ಚೀನಾ ಕೊನೆಗೂ ಬಹಿರಂಗಪಡಿಸಿದ್ದು 2006ರ ಜನವರಿಯಲ್ಲಿ, ಮತದಾನ ಮುಗಿಯಲು ಎರಡು ತಿಂಗಳಷ್ಟೇ ಉಳಿದಿದ್ದಾಗ. ತಜ್ಞರು ಅದನ್ನು ಜಗ್ಗಾಡಿ ನೋಡಲು ಅಷ್ಟು ಸಮಯ ಸಾಲದು. ಎರಡು ವರ್ಷ ಮೊದಲೇ ಹೊರಗೆ ಇಟ್ಟಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೆಂದು ಹೇಳಲಾರೆ, ಆದರೆ ವಾದದ ದಿಕ್ಕಂತೂ ಬೇರೆಯಾಗುತ್ತಿತ್ತು. 2008ರಲ್ಲಿ, ಆಧುನಿಕ ಗೂಢಲಿಪಿ ವಿದ್ಯೆಯ ಹಿರಿಯರಲ್ಲೊಬ್ಬರಾದ ವಿಟ್‌ಫೀಲ್ಡ್ ಡಿಫಿ, ಜಾರ್ಜ್ ಲೆಡಿನ್ ಜೊತೆ ಸೇರಿ ಆ ಚೀನೀ ದಾಖಲೆಯನ್ನು ಇಂಗ್ಲಿಷಿಗೆ ಅನುವಾದಿಸಿ ಎಲ್ಲರಿಗೂ ಸಿಗುವಂತೆ ಮಾಡಿದರು. ಜಗತ್ತಿನ ಗಣಿತಜ್ಞರು ಆಮೇಲೆ ಮಾಹಿತಿಯನ್ನು ಕಲಸುವ ಅದರ 32 ಸುತ್ತುಗಳನ್ನು ಒಡೆಯಲು ಕೂತರು. ಪೂರ್ತಿ ಒಡೆಯಲು ಆಗಲಿಲ್ಲ. ಸೂತ್ರ ಗಟ್ಟಿಯಾಗಿಯೇ ಇತ್ತು. ಬಚ್ಚಿಡುವ ಅಗತ್ಯವೇ ಇರದ ಒಳ್ಳೆಯ ಕೆಲಸವೊಂದನ್ನು ಬಚ್ಚಿಟ್ಟೇ ಕೆಡಿಸಿಕೊಂಡರಲ್ಲ ಎಂಬ ಬೇಸರ ಇಂದಿಗೂ ಆಗುತ್ತದೆ.

ಭಾರತದಲ್ಲಿ ವೈಫೈ ತರಂಗಾಂತರವನ್ನು ಕಟ್ಟಡದ ಹೊರಗೂ ಪರವಾನಗಿಯಿಲ್ಲದೆ ಬಳಸಲು ಅನುಮತಿ ಬಂದದ್ದೇ 2005ರಲ್ಲಿ. ಗೆದ್ದವರ ಮಾನದಂಡ ಪೆಟ್ಟಿಗೆಯೊಳಗೆ ಕೂತು ನಮ್ಮ ಮನೆಗಳಿಗೆ ಬಂತು. ಹಾಗೆ ಬಂದ ಬೀಗವನ್ನು ಹಾಕಿಕೊಳ್ಳಬೇಕೆಂಬ ಅರಿವು ಮಾತ್ರ ತಡವಾಗಿ ಬಂತು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬು ಸಿಡಿಯುವ ಸ್ವಲ್ಪ ಮೊದಲು ಬಂದ ಬೆದರಿಕೆಯ ಇಮೇಲ್ ನವಿ ಮುಂಬೈನ ಒಂದು ಮನೆಯ ರಕ್ಷಣೆಯಿಲ್ಲದ ವೈಫೈನಿಂದ ಹೊರಟಿತ್ತು. ಆ ಮನೆಯವರಿಗೆ ಗೊತ್ತೇ ಇರಲಿಲ್ಲ. ಮರುವರ್ಷ ಕೇಂದ್ರದ ದೂರಸಂಪರ್ಕ ಇಲಾಖೆ ವೈಫೈ ಜಾಲಗಳನ್ನು ಭದ್ರಪಡಿಸಬೇಕೆಂದು ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು.

ಚೀನಾ ಹೊರಗೆ ಸೋತದ್ದನ್ನು ಒಳಗೆ ಗೆಲ್ಲಲು ನೋಡಿತು. ಸರ್ಕಾರಿ ಖರೀದಿಯಲ್ಲಿ ವಾಪಿಗೆ ಆದ್ಯತೆ ಬಂತು. ಮೊಬೈಲ್ ಫೋನಿನಲ್ಲಿ ವೈಫೈಗೆ ಅನುಮತಿಯೇ ಇರಲಿಲ್ಲ. 2009ರಲ್ಲಿ ಅದು ಸಡಿಲವಾಯಿತು, ಆದರೆ ವೈಫೈ ಇರುವ ಫೋನಿನಲ್ಲಿ ವಾಪಿಯೂ ಇರಬೇಕೆಂಬ ಷರತ್ತಿನ ಮೇಲೆ. ಆ ವರ್ಷದ ಅಕ್ಟೋಬರ್ 30ರಂದು ಚೀನಾ ಯುನಿಕಾಮ್ ಮೊದಲ ಬಾರಿಗೆ ಅಧಿಕೃತವಾಗಿ ಮಾರಿದ ಐಫೋನಿನಲ್ಲಿ ವೈಫೈ ಇರಲಿಲ್ಲ. ನಿಯಮ ಬದಲಾಗುವ ಮೊದಲೇ ಅದರ ತಯಾರಿ ಶುರುವಾಗಿಬಿಟ್ಟಿತ್ತು. ಮರುವರ್ಷ ವಾಪಿ ಸೇರಿಸಿದ ಐಫೋನ್ ಬಂತು. ಆರು ವರ್ಷ ಹಿಂದೆ ಇಂಟೆಲ್ ಆಗದು ಎಂದದ್ದನ್ನು ಆಪಲ್ ಸದ್ದಿಲ್ಲದೆ ಮಾಡಿತು. 2009ರಲ್ಲೇ ಟೋಕಿಯೊದ ಸಭೆಯ ನಂತರ ಚೀನಾ ಐಎಸ್‌ಒದಲ್ಲಿ ವಾಪಿಯನ್ನು ಪ್ರತ್ಯೇಕ ಮಾನದಂಡವಾಗಿ ಮತ್ತೆ ಮುಂದಿಟ್ಟಿತು. ಟೀಕೆ, ಆಕ್ಷೇಪಗಳ ನಡುವೆ 2011ರ ಕೊನೆಗೆ ತಾನೇ ಹಿಂದಕ್ಕೆ ಪಡೆಯಿತು.

ಗೆದ್ದವರೂ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಹೊರಗೆಡವಿದ ದಾಖಲೆಗಳ ನಂತರ, ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಎನ್‌ಎಸ್‌ಎ ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಒಂದು ಮಾನದಂಡದಲ್ಲಿ ತನಗಾಗಿ ಹಿಂಬಾಗಿಲು ಇಟ್ಟಿತ್ತೆಂಬ ಅನುಮಾನ ಗಟ್ಟಿಯಾಯಿತು. ಆ ಸೂತ್ರ ಅಮೆರಿಕದ ಮಾನದಂಡದಲ್ಲಿಯೂ ಐಎಸ್‌ಒ ಮಾನದಂಡದಲ್ಲಿಯೂ ಸೇರಿತ್ತು. ಹಿಂಬಾಗಿಲು ಸಾಧ್ಯವೆಂದು 2007ರಲ್ಲೇ ಡಾನ್ ಶೂಮೊ ಮತ್ತು ನೀಲ್ಸ್ ಫರ್ಗ್ಯುಸನ್ ಎಚ್ಚರಿಸಿದ್ದರು. ಚೀನಾದ ಸೂತ್ರ ಗುಟ್ಟು, ನಂಬಲಾಗದು ಎಂದು ಹೇಳುತ್ತಿದ್ದ ದೇಶದ ಬಹಿರಂಗ ಸೂತ್ರವೇ ಅನುಮಾನಕ್ಕೆ ಸಿಕ್ಕಿತು.

ಎನ್‌ಎಸ್‌ಎ ಆಮೇಲೆ ‘ಸೈಮನ್’, ‘ಸ್ಪೆಕ್’ ಎಂಬ ಎರಡು ಹಗುರ ಗೂಢಲಿಪಿಗಳನ್ನು ಐಎಸ್‌ಒ ಮುಂದಿಟ್ಟಿತು. ಸೂತ್ರ ಪೂರ್ತಿ ಪ್ರಕಟವಾಗಿತ್ತು. ವಿನ್ಯಾಸಕ್ಕೆ ಕಾರಣಗಳನ್ನು ಸರಿಯಾಗಿ ಹೇಳಿಲ್ಲ ಎಂದು ಅಮೆರಿಕದ ಮಿತ್ರರಾದ ಜರ್ಮನಿ, ಜಪಾನ್, ಇಸ್ರೇಲಿನ ತಜ್ಞರೇ ಎದುರು ನಿಂತರು. 2018ರ ಏಪ್ರಿಲಿನಲ್ಲಿ ಐಎಸ್‌ಒದ ಸಂಬಂಧಪಟ್ಟ ಸಮಿತಿ ಆ ಯೋಜನೆಯನ್ನು ಕೈಬಿಟ್ಟಿತು. ಸಭೆ ನಡೆದ ಊರು ಚೀನಾದ ವುಹಾನ್.

802.11ಐ ಕೂಡ ಅಲುಗಿತು. ಬೆಲ್ಜಿಯಮ್ಮಿನ ಲ್ಯೂವನ್ ವಿಶ್ವವಿದ್ಯಾಲಯದ ಮಾಥಿ ವಾನ್‌ಹೂಫ್ 2017ರ ಅಕ್ಟೋಬರಿನಲ್ಲಿ ಪ್ರಕಟಿಸಿದ ‘ಕ್ರ್ಯಾಕ್’ ದಾಳಿ ಯಾವುದೋ ಒಂದು ಕಂಪನಿಯ ತಪ್ಪನ್ನು ಹಿಡಿದದ್ದಲ್ಲ, ಮಾನದಂಡದ ಒಳಗಿನ ಬಿರುಕನ್ನೇ ತೋರಿಸಿತು. ಫೋನು ಮತ್ತು ರೂಟರು ಪರಸ್ಪರ ಗುರುತಿಸಿಕೊಳ್ಳಲು ನಾಲ್ಕು ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ಮೂರನೆಯದನ್ನು ಮತ್ತೆ ಕಳಿಸಿದರೆ ಫೋನು ಬಳಸಿದ ಕೀಲಿಯನ್ನೇ ಮರುಸ್ಥಾಪಿಸಿ ಪ್ಯಾಕೆಟ್ಟುಗಳ ಎಣಿಕೆಯನ್ನು ಮೊದಲಿಂದ ಶುರುಮಾಡುತ್ತದೆ, ಅಲ್ಲಿಗೆ ರಕ್ಷಣೆ ಸಡಿಲ. ಈ ನಾಲ್ಕು ಹಂತಗಳು ಸುರಕ್ಷಿತವೆಂದು ಗಣಿತದ ಪುರಾವೆಯೂ ಇತ್ತು. ಆದರೆ ಕೀಲಿಯನ್ನು ಯಾವಾಗ ಸ್ಥಾಪಿಸಬೇಕು ಎಂಬುದು ಆ ಪುರಾವೆಯ ವ್ಯಾಪ್ತಿಯಲ್ಲಿ ಇರಲಿಲ್ಲ. ಹದಿಮೂರು ವರ್ಷ ಕೋಟ್ಯಂತರ ಉಪಕರಣಗಳಲ್ಲಿ ಕೂತಿದ್ದ ದೋಷ ಇದು. ಮರುವರ್ಷ ಡಬ್ಲ್ಯುಪಿಎ3 ಬಂತು.

ಎಸ್‌ಎಂಎಸ್4 ಈ ಮಧ್ಯೆ ‘ಎಸ್‌ಎಂ4’ ಎಂಬ ಹೊಸ ಹೆಸರು ಪಡೆಯಿತು. 2012ರಲ್ಲಿ ಚೀನಾದ ಗೂಢಲಿಪಿ ಉದ್ಯಮದ ಮಾನದಂಡವಾಗಿ, 2016ರಲ್ಲಿ ರಾಷ್ಟ್ರೀಯ ಮಾನದಂಡವಾಗಿ ಪೂರ್ತಿ ಪಠ್ಯದೊಂದಿಗೆ ಪ್ರಕಟವಾಯಿತು. 2021ರಲ್ಲಿ ಐಎಸ್‌ಒ ಅದನ್ನು ತನ್ನ ಗೂಢಲಿಪಿಗಳ ಮಾನದಂಡಕ್ಕೆ ತಿದ್ದುಪಡಿಯಾಗಿ ಸೇರಿಸಿತು. ಎಇಎಸ್ ಇರುವ ಅದೇ ಮಾನದಂಡ ಅದು.